ವಿಶ್ವಾಸ ಪ್ರಮಾಣ ಹೇಳುವಾಗ ನಾನು ಏನು ಹೇಳುತ್ತೇನೆ

ಪ್ರತಿ ಭಾನುವಾರ ಚರ್ಚಿನ ಆರಾಧನೆಯಲ್ಲಿ ನಾವೆಲ್ಲ ಎದ್ದು ನಿಂತು ವಿಶ್ವಾಸ ಪ್ರಮಾಣ, ಅಂದರೆ ಕ್ರೈಸ್ತರಾದ ನಾವು ಏನನ್ನು ನಂಬುತ್ತೇವೆ ಅಂತ ಸಾರುವ ಹಳೇ ಸಾಲುಗಳನ್ನು ಹೇಳುತ್ತೇವೆ. ಒಂದು ನಿಮಿಷವೂ ಹಿಡಿಯುವುದಿಲ್ಲ. ಚಿಕ್ಕಂದಿನಿಂದ ಬಾಯಿಪಾಠ ಆಗಿರುವುದರಿಂದ ತುಟಿ ತಾನಾಗಿ ಆಡುತ್ತದೆ. ಆದರೆ ನಮ್ಮ ಸಭೆಯಲ್ಲಿ ದೃಢೀಕರಣಕ್ಕೆ, ಅಂದರೆ ಈ ನಂಬಿಕೆಗೆ ತಾವೇ ಹೌದು ಅನ್ನುವ ದಿನಕ್ಕೆ ಸಿದ್ಧವಾಗುವ ಮಕ್ಕಳಿಗೆ ಪಾಠ ಹೇಳುವ ಕೆಲಸ ಈಗ ನನ್ನದು. ಎಲ್ಲ ಹೈಸ್ಕೂಲು ಮಕ್ಕಳು. ಒಂದೊಂದು ಸಾಲಿಗೂ ನಿಲ್ಲಿಸಿ "ಆಂಟಿ, ಹಂಗಂದ್ರೆ ಏನು?" ಅಂತ ಕೇಳುತ್ತಾರೆ. "ನೀವು ಇದನ್ನ ನಿಜವಾಗ್ಲೂ ನಂಬ್ತೀರಾ?" ಅಂತಲೂ ಕೇಳುತ್ತಾರೆ. ನಂಬುತ್ತೇನೆ. ಏನನ್ನು ನಂಬುತ್ತೇನೆ ಅನ್ನುವುದನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ನಮ್ಮದು ಸಿ.ಎಸ್.ಐ., ಅಂದರೆ ದಕ್ಷಿಣ ಭಾರತ ಸಭೆ. ನಾನು ಹುಟ್ಟಿದ್ದು ಮಂಗಳೂರಿನಲ್ಲಿ, ಬಾಸೆಲ್ ಮಿಷನ್ ಕಡೆಯವರ ಮನೆಯಲ್ಲಿ. 1834ರಲ್ಲಿ ಸ್ಯಾಮುಯೆಲ್ ಹೆಬಿಕ್ ಮತ್ತು ಇನ್ನಿಬ್ಬರು ಮಂಗಳೂರಿಗೆ ಬಂದಿಳಿದರಲ್ಲ, ಆ ಮಿಷನ್ನು. ಕನ್ನಡದ ಮೊದಲ ಪತ್ರಿಕೆ ತಂದ ಮೋಗ್ಲಿಂಗ್, ನಿಘಂಟು ಮಾಡಿದ ಕಿಟ್ಟೆಲ್ ಅವರೂ ಅದೇ ಮಿಷನ್ನಿನವರು. ಸ್ವಿಟ್ಜರ್ಲೆಂಡಿನ ರಿಫಾರ್ಮ್ಡ್ ಜನ, ಜರ್ಮನಿಯ ಲುಥೆರನ್ ಜನ, ಹೀಗೆ ಪ್ರೊಟೆಸ್ಟಂಟರ ಎರಡು ಪಂಗಡದವರು ಸೇರಿ ನಡೆಸಿದ ಮಿಷನ್ ಅದು. ಅಜ್ಜಿ ಮನೆಯಲ್ಲಿ ತುಳುವಿನಲ್ಲಿ ಪ್ರಾರ್ಥನೆ ಮಾಡುತ್ತಿದ್ದರು, ಚರ್ಚಿನಲ್ಲಿ ಜರ್ಮನ್ ರಾಗದ ಕನ್ನಡ ಸಂಗೀತಗಳನ್ನು ಹಾಡುತ್ತಿದ್ದರು. ಮದುವೆಯಾಗಿ ಬೆಂಗಳೂರಿಗೆ ಬಂದ ಮೇಲೆ ಗೊತ್ತಾಯಿತು, ನನ್ನ ಗಂಡನ ಮನೆಯವರು ಬೇರೆಯೇ ದಾರಿಯಲ್ಲಿ ಬಂದವರು. ಅವರದು ಗುಬ್ಬಿ, ತುಮಕೂರಿನ ಕಡೆ. ಇಂಗ್ಲೆಂಡಿನ ವೆಸ್ಲಿಯನ್ ಮಿಷನ್ ಕಟ್ಟಿದ ಸಭೆಗಳು ಅವು. ಜನವರಿಯ ಮೊದಲ ಭಾನುವಾರ ಅವರಲ್ಲಿ ಒಡಂಬಡಿಕೆಯ ಆರಾಧನೆ ಇರುತ್ತದೆ. ಹೊಸ ವರ್ಷಕ್ಕೆ ದೇವರ ಮುಂದೆ ಮತ್ತೆ ಮಾತು ಕೊಡುವುದು. ಮೆಥಡಿಸ್ಟ್ ಪಂಗಡ ಶುರು ಮಾಡಿದ ಜಾನ್ ವೆಸ್ಲಿಯ ಕಾಲದಿಂದ ಬಂದ ಪದ್ಧತಿ. ನನಗೆ ಅದು ಹೊಸದು. ಕ್ಯಾಂಟೋನ್ಮೆಂಟ್ ಕಡೆಯ ಕೆಲವು ಹಳೇ ಸಿ.ಎಸ್.ಐ. ಚರ್ಚುಗಳಿಗೆ ಹೋದರೆ ಅಲ್ಲಿ ಆಂಗ್ಲಿಕನ್, ಅಂದರೆ ಚರ್ಚ್ ಆಫ್ ಇಂಗ್ಲೆಂಡಿನ ಗತ್ತು. ಮೇಣದಬತ್ತಿ, ಮೆರವಣಿಗೆ, ಬಿಳಿ ನಿಲುವಂಗಿ ತೊಟ್ಟ ಗಾಯನವೃಂದ. ಇಷ್ಟೆಲ್ಲ ಬೇರೆ ಬೇರೆ ಇದ್ದೂ ಎಲ್ಲ ಒಂದೇ ಸಭೆ.

ಇದು ತಾನಾಗಿ ಆದದ್ದಲ್ಲ. 1919ರಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ ಕೆಲವು ಸಭಾನಾಯಕರು ಕೂತು, ನಾವು ಹೀಗೆ ಒಡೆದುಕೊಂಡು ಇರುವುದು ಸರಿಯಲ್ಲ ಅಂತ ಒಂದು ಹೇಳಿಕೆ ಹೊರಡಿಸಿದರು. ಅವರಲ್ಲಿ ಹೆಚ್ಚಿನವರು ಭಾರತೀಯರೇ. ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್ ವಿ. ಎಸ್. ಅಜರಯ್ಯ ಅದರ ಮುಂಚೂಣಿಯಲ್ಲಿದ್ದರು. ಈ ಜಗಳಗಳೆಲ್ಲ ಯುರೋಪಿನಲ್ಲಿ ಹುಟ್ಟಿದವು, ನಾವ್ಯಾಕೆ ಹೊರಬೇಕು ಅನ್ನುವ ನೋವು ಅವರದು. ಮಾತುಕತೆ ಸುಮಾರು ಮೂವತ್ತು ವರ್ಷ ನಡೆಯಿತು. ಅಜರಯ್ಯನವರು 1945ರ ಜನವರಿ 1ರಂದು ತೀರಿಕೊಂಡರು, ಕೊನೆಗೂ ನೋಡಲಿಲ್ಲ. 1947ರ ಸೆಪ್ಟೆಂಬರ್ 27ರಂದು, ದೇಶಕ್ಕೆ ಸ್ವಾತಂತ್ರ್ಯ ಬಂದು ಆರು ವಾರಕ್ಕೆ, ಮದರಾಸಿನ ಸೇಂಟ್ ಜಾರ್ಜ್ಸ್ ಕ್ಯಾಥೆಡ್ರಲ್‌ನಲ್ಲಿ ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಸಭೆಗಳು ಒಂದಾದವು. ಬಾಸೆಲ್ ಮಿಷನ್ನಿನ ಸಭೆಗಳೂ ಇದರೊಳಗೆ ಬಂದವು. ಬಿಷಪ್ ಇರುವ ಸಭೆಯವರೂ ಬಿಷಪ್ ಬೇಡವೆನ್ನುವ ಸಭೆಯವರೂ ಒಂದಾದದ್ದು ಲೋಕದಲ್ಲೇ ಹೊಸ ಸಂಗತಿ.

ಒಂದಾಗಲು ಅವರು ಹಿಡಿದುಕೊಂಡದ್ದು ಬಹಳ ಕಡಿಮೆ. ಸತ್ಯವೇದ ಒಂದು. ರಕ್ಷಣೆಗೆ ಬೇಕಾದದ್ದೆಲ್ಲ ಅದರಲ್ಲಿದೆ, ನಂಬಿಕೆಯ ವಿಷಯದಲ್ಲಿ ಕೊನೆಯ ಮಾತು ಅದರದ್ದೇ. ಅಪೊಸ್ತಲರ ವಿಶ್ವಾಸ ಪ್ರಮಾಣ, ನಿಕೇಯ ವಿಶ್ವಾಸ ಪ್ರಮಾಣ. ನೀರಿನಿಂದ ಸಭೆಗೆ ಸೇರಿಸುವ ದೀಕ್ಷಾಸ್ನಾನ, ಯೇಸುವಿನ ನೆನಪಿಗೆ ಒಂದೇ ಮೇಜಿನಿಂದ ರೊಟ್ಟಿ ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನ ಎಂಬ ಎರಡು ಸಂಸ್ಕಾರ. ಆಮೇಲೆ ಬಿಷಪ್, ಪ್ರೆಸ್ಬಿಟರ್ ಅಂದರೆ ಪಾದ್ರಿ, ಪಾದ್ರಿಗೆ ನೆರವಾಗುವ ಡೀಕನ್ ಅನ್ನುವ ಸೇವೆಯ ಕ್ರಮ. ಅಷ್ಟೇ. ಬೇರೆ ವಿಷಯಗಳಲ್ಲಿ ಯಾವ ಸಭೆಯ ಮನಸ್ಸಾಕ್ಷಿಗೂ ಒತ್ತಾಯ ಮಾಡುವುದಿಲ್ಲ ಅಂತ ಮಾತು ಕೊಟ್ಟುಕೊಂಡರು. ನನ್ನ ಮಟ್ಟಿಗೆ ನಮ್ಮ ಸಭೆಯ ದೊಡ್ಡ ನಂಬಿಕೆ ಇದೇ. ದೇವರು ಬೇಕೇ ಬೇಕು ಅಂತ ಹೇಳಿದ್ದು ಕೆಲವೇ ಕೆಲವು. ಅವನ್ನು ಬಿಗಿಯಾಗಿ ಹಿಡಿಯಬೇಕು. ಉಳಿದದ್ದಕ್ಕಾಗಿ ಯಾರನ್ನೂ ಮೇಜಿನಿಂದ ಎಬ್ಬಿಸಬಾರದು.

ಹಾಗಾದರೆ ಆ ಕೆಲವೇ ಕೆಲವು ಯಾವುವು? ಭೂಮಿ ಆಕಾಶ ಮಾಡಿದ ಒಬ್ಬ ದೇವರು. ಇದಕ್ಕೆ ಮಕ್ಕಳು ತಕರಾರು ಮಾಡುವುದಿಲ್ಲ. ಮುಂದೆ ಬರುವ ತ್ರಯೇಕತ್ವಕ್ಕೆ ಮಾಡುತ್ತಾರೆ. ತಂದೆ, ಮಗ, ಪವಿತ್ರಾತ್ಮ, ಆದರೂ ಒಬ್ಬನೇ ದೇವರು. ಲೆಕ್ಕ ತಪ್ಪು ಅಂತಾರೆ. ಭಾನುವಾರ ಶಾಲೆಯಲ್ಲಿ ಕೆಲವರು ಇದಕ್ಕೆ ನೀರು, ಮಂಜುಗಡ್ಡೆ, ಹಬೆ ಅಂತ ಉದಾಹರಣೆ ಕೊಡುತ್ತಾರೆ. ನಾನು ಕೊಡುವುದಿಲ್ಲ. ಒಂದೇ ನೀರು ಮೂರು ವೇಷ ಹಾಕಿದ ಹಾಗೆ ಆಗುತ್ತದೆ, ಸಭೆ ಹಾಗೆ ಯಾವತ್ತೂ ನಂಬಿಲ್ಲ. ಅದರ ಬದಲು ಯೇಸು ಯೊರ್ದನ್ ಹೊಳೆಯಲ್ಲಿ ದೀಕ್ಷಾಸ್ನಾನ ತೆಗೆದುಕೊಂಡ ಭಾಗ ಓದಿಸುತ್ತೇನೆ. ಮಗ ನೀರಿನಲ್ಲಿ ನಿಂತಿದ್ದಾನೆ. ಆತ್ಮ ಪಾರಿವಾಳದಂತೆ ಇಳಿಯುತ್ತದೆ. ನೀನು ನನ್ನ ಪ್ರಿಯ ಮಗ ಅಂತ ತಂದೆಯ ದನಿ ಬರುತ್ತದೆ. ಮೂವರೂ ಒಟ್ಟಿಗೆ, ಒಬ್ಬರಲ್ಲೊಬ್ಬರು ಸಂತೋಷಪಡುತ್ತಾ ಇದ್ದಾರೆ. ಲೋಕ ಹುಟ್ಟುವ ಮೊದಲೇ ದೇವರೊಳಗೆ ಪ್ರೀತಿ ಇತ್ತು, ಆತ ಒಂಟಿಯಾಗಿರಲಿಲ್ಲ. ಇಷ್ಟು ಹಿಡಿದುಕೊಂಡರೆ ಸಾಕು ಅಂತ ಮಕ್ಕಳಿಗೆ ಹೇಳುತ್ತೇನೆ. ಪೂರ್ತಿ ಅರ್ಥವಾಗುವ ದೇವರು ಬೇಕು ಅಂತ ನನಗೂ ಆಸೆ ಇಲ್ಲ.

ಯೇಸುವಿನ ವಿಷಯಕ್ಕೆ ಸಭೆ 325ರಲ್ಲಿ ನಿಕೇಯದಲ್ಲಿ ಕೂತು ಜಗಳವಾಡಿತು. ಈಗಿನ ಟರ್ಕಿಯಲ್ಲಿರುವ ಊರು ಅದು. ಮಗನು ದೇವರು ಉಂಟುಮಾಡಿದ ಸೃಷ್ಟಿಯೋ, ಅಥವಾ ತಂದೆಯಷ್ಟೇ ಪೂರ್ಣ ದೇವರೋ? ಅರಿಯಸ್ ಎಂಬ ಅಲೆಕ್ಸಾಂಡ್ರಿಯದ ಪಾದ್ರಿ ಸೃಷ್ಟಿ ಅಂದ. ಅಲ್ಲ, ತಂದೆಯ ಸ್ವಭಾವವೇ ಮಗನ ಸ್ವಭಾವ ಅಂತ ಸಭೆ ತೀರ್ಮಾನಿಸಿತು. 381ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಮತ್ತೆ ಕೂತು ಇದನ್ನು ಬಲಪಡಿಸಿತು. ಕರ್ತನ ಭೋಜನವಿರುವ ಭಾನುವಾರ ನಾವು ಹೇಳುವ ನಿಕೇಯ ಪ್ರಮಾಣ ಆಗಿನದು. ಹಳೇ ಕಾಲದ ತರ್ಕ, ನಮಗ್ಯಾಕೆ ಅಂತ ಅನ್ನಿಸಬಹುದು. ಆದರೆ ಇದರ ಮೇಲೆ ಎಲ್ಲವೂ ನಿಂತಿದೆ. ಶಿಲುಬೆಯ ಮೇಲೆ ಇದ್ದವನು ದೇವರು ಕಳಿಸಿದ ಯಾರೋ ಒಬ್ಬ ಒಳ್ಳೆಯವನು ಆಗಿದ್ದರೆ, ದೇವರು ತಾನು ಕೈ ಕೊಳೆ ಮಾಡಿಕೊಳ್ಳದೆ ದೂರದಲ್ಲಿ ಕೂತ ಅಂತಾಯಿತು. ಅಂಥ ದೇವರನ್ನು ನಾನು ಆರಾಧಿಸಲಾರೆ. ಶಿಲುಬೆಯ ಮೇಲಿದ್ದದ್ದು ದೇವರೇ ಅಂದರೆ ಮಾತೇ ಬೇರೆ.

ವಿಶ್ವಾಸ ಪ್ರಮಾಣದಲ್ಲಿ ಪೊಂತ್ಯ ಪಿಲಾತನ ಹೆಸರು ಬರುತ್ತದೆ. ಯೇಸುವನ್ನು ಬಿಟ್ಟರೆ ಅದರಲ್ಲಿ ಹೆಸರು ಇರುವುದು ಇಬ್ಬರದೇ. ಹೆತ್ತ ಕನ್ನಿಕೆ ಮರಿಯಳದು, ಸಾಯಲು ಒಪ್ಪಿಸಿದ ಅಧಿಕಾರಿಯದು. ಮೊದಲ ಕಾಲದ ಸಭೆಯ ಮುಂದಾಳುಗಳಾದ ಪೇತ್ರ, ಪೌಲ ಯಾರೂ ಇಲ್ಲ. ಪಿಲಾತ ಯೂದಾಯದಲ್ಲಿ ರೋಮಿನ ಅಧಿಪತಿಯಾಗಿದ್ದವನು. ಸಿಜೇರಿಯದಲ್ಲಿ 1961ರಲ್ಲಿ ಅವನ ಹೆಸರಿರುವ ಕಲ್ಲೊಂದು ಸಿಕ್ಕಿತು. ನಮ್ಮ ನಂಬಿಕೆ ಒಂದಾನೊಂದು ಕಾಲದಲ್ಲಿ ನಡೆದ ಕಥೆಯದ್ದಲ್ಲ. ಒಂದು ಊರಲ್ಲಿ, ಒಬ್ಬ ಅಧಿಕಾರಿಯ ಆಳ್ವಿಕೆಯಲ್ಲಿ, ನಮ್ಮ ಹಾಗೆ ಹಸಿವು ನಿದ್ದೆ ಇದ್ದ ಒಬ್ಬ ಮನುಷ್ಯನಿಗೆ ಆದದ್ದರ ಮೇಲೆ ನಾವು ನಿಂತಿದ್ದೇವೆ. ಅದು ನಡೆದೇ ಇಲ್ಲ ಅಂತಾದರೆ ಚರ್ಚಿನ ಬಾಗಿಲು ಮುಚ್ಚಬಹುದು. ಪೌಲನೂ ಹೆಚ್ಚುಕಡಿಮೆ ಇದನ್ನೇ ಕೊರಿಂಥದವರಿಗೆ ಬರೆದ.

ಅಪೊಸ್ತಲರ ಪ್ರಮಾಣದಲ್ಲಿ ಆತ ಪಾತಾಳಕ್ಕೆ ಇಳಿದ ಅಂತ ಒಂದು ಸಾಲಿದೆ. ಬಹಳ ಜನ ಇದನ್ನು ದಾಟಿಕೊಂಡು ಹೋಗುತ್ತಾರೆ. ಕೆಲವು ಸಭೆಗಳು ಹೇಳುವುದೇ ಇಲ್ಲ. ನನಗೆ ಮಾತ್ರ ಇಡೀ ಪ್ರಮಾಣದಲ್ಲಿ ಹೆಚ್ಚು ಬೇಕಾದ ಸಾಲು ಇದು. ಅಪ್ಪ ಕೊನೆಯ ದಿನಗಳಲ್ಲಿ ನೆನಪು ಕಳೆದುಕೊಂಡರು. ನಮ್ಮನ್ನು ಗುರುತಿಸುತ್ತಿರಲಿಲ್ಲ. ಕರ್ತನ ಪ್ರಾರ್ಥನೆ ಶುರು ಮಾಡಿದರೆ ಅರ್ಧಕ್ಕೆ ನಿಂತುಹೋಗುತ್ತಿತ್ತು. ಜೀವನವಿಡೀ ದೇವರನ್ನು ಹಿಡಿದುಕೊಂಡಿದ್ದ ಮನುಷ್ಯನ ಕೈ ಹೀಗೆ ಜಾರಿದರೆ ಮುಂದೇನು ಅಂತ ಅಮ್ಮ ಕೇಳುತ್ತಿದ್ದರು. ಆಗ ನನಗೆ ಆಸರೆಯಾದದ್ದು ಈ ಸಾಲು. ಯೇಸು ಸಾವಿನ ತಳದವರೆಗೂ ಹೋಗಿದ್ದಾನೆ. ಯಾರ ದನಿಯೂ ಮುಟ್ಟದ ಕಡೆಗೆ ಹೋಗಿದ್ದಾನೆ. ಅಪ್ಪ ಎಷ್ಟೇ ಆಳಕ್ಕೆ ಇಳಿದರೂ ಅಲ್ಲಿ ಆತ ಮೊದಲೇ ಇದ್ದಾನೆ. ಅಪ್ಪ ಆತನನ್ನು ಹಿಡಿದುಕೊಳ್ಳಲಾರದೆ ಹೋದರೂ ಆತ ಅಪ್ಪನನ್ನು ಹಿಡಿದುಕೊಂಡಿದ್ದಾನೆ. ಇದು ಸಮಾಧಾನಕ್ಕೆ ನಾನು ಕಟ್ಟಿಕೊಂಡ ಮಾತಲ್ಲ. ಶುಭ ಶುಕ್ರವಾರಕ್ಕೂ ಈಸ್ಟರಿಗೂ ನಡುವಿನ ಶನಿವಾರದ ಬಗ್ಗೆ ಸಭೆ ಮೊದಲಿನಿಂದ ಸಾರಿಕೊಂಡು ಬಂದದ್ದು ಇದನ್ನೇ.

ಮೂರನೆಯ ದಿನ ಆತ ಎದ್ದ. ಬರೀ ಆತ್ಮ ಅಲ್ಲ, ದೇಹ ಸಮೇತ. ಗಾಯದ ಗುರುತು ಹಾಗೇ ಇತ್ತು, ಶಿಷ್ಯರ ಮುಂದೆ ಕೂತು ಮೀನು ತಿಂದ. ನಮಗೂ ದೇಹದ ಪುನರುತ್ಥಾನ ಇದೆ ಅಂತ ಪ್ರಮಾಣದ ಕೊನೆಯಲ್ಲಿ ಹೇಳುತ್ತೇವೆ. ಈಸ್ಟರ್ ದಿನ ಬೆಳಗಿನ ಜಾವ ನಾವು ಸಮಾಧಿ ಸ್ಥಳದಲ್ಲಿ ಆರಾಧನೆ ಮಾಡುತ್ತಿದ್ದದ್ದು ಇದಕ್ಕೇ. ಅಮ್ಮ ಹಿಂದಿನ ದಿನವೇ ಅಜ್ಜಿಯ ಸಮಾಧಿ ತೊಳೆದು ಹೂವಿಟ್ಟು ಬರುತ್ತಿದ್ದರು. ದೇಹ ಅಂದರೆ ಬಿಟ್ಟು ಹೋಗುವ ಬಟ್ಟೆ ಅಂತ ನಮ್ಮ ಕ್ರೈಸ್ತರೂ ಸುಮಾರು ಜನ ಮಾತಾಡುತ್ತಾರೆ. ಸಾವಿನ ಮನೆಯಲ್ಲಿ ಇದು ಜಾಸ್ತಿ. ನಮ್ಮ ಸಭೆಯ ನಂಬಿಕೆ ಅದಲ್ಲ. ದೇವರು ಮಾಡಿದ ದೇಹ, ದೇವರ ಮಗ ತೊಟ್ಟ ದೇಹ, ದೇವರು ಮತ್ತೆ ಎಬ್ಬಿಸುವ ದೇಹ. ಅದಕ್ಕೇ ಹಸಿದವರಿಗೆ ಊಟ ಹಾಕುವುದು, ರೋಗಿಯ ಹುಣ್ಣು ತೊಳೆಯುವುದು ನಂಬಿಕೆಯ ಹೊರಗಿನ ಸಮಾಜಸೇವೆ ಅಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ 1906ರಿಂದ ನಡೆಯುತ್ತಾ ಬಂದದ್ದು ಇದೇ ನಂಬಿಕೆಯಿಂದ. ನನ್ನ ಅತ್ತೆ ಮಿಷನ್ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದವರು. ಧರ್ಮದ ಮಾತು ಅವರ ಬಾಯಲ್ಲಿ ಕಮ್ಮಿ, ಪುನರುತ್ಥಾನ ಅವರ ಕೈಯಲ್ಲಿತ್ತು.

ದೀಕ್ಷಾಸ್ನಾನದ ವಿಷಯದಲ್ಲಿ ನಮ್ಮ ಕುಟುಂಬದಲ್ಲೇ ಚರ್ಚೆ ಇದೆ. ನನ್ನ ದೊಡ್ಡಮ್ಮನ ಮಗ ಪೆಂಟೆಕೋಸ್ಟಲ್ ಸಭೆಗೆ ಸೇರಿದ. ಕೂಸಿದ್ದಾಗ ತಲೆಗೆ ನೀರು ಹಾಕಿದ್ದು ಲೆಕ್ಕಕ್ಕಿಲ್ಲ, ದೊಡ್ಡವರಾದ ಮೇಲೆ ನಂಬಿ ಮುಳುಗಬೇಕು ಅಂತ ಅವನ ಮಾತು. ಅವನ ಪ್ರಾರ್ಥನೆಯ ಬಿಸಿ ನನಗೆ ಇಷ್ಟ. ಈ ವಿಷಯದಲ್ಲಿ ಮಾತ್ರ ನಾನು ಅಲ್ಲಾಡುವುದಿಲ್ಲ. ನಮ್ಮಲ್ಲಿ ಮಕ್ಕಳಿಗೂ ಕೊಡುತ್ತೇವೆ, ದೊಡ್ಡವರಿಗೂ ಕೊಡುತ್ತೇವೆ, ಒಮ್ಮೆ ಕೊಟ್ಟರೆ ಎರಡನೇ ಸಲ ಇಲ್ಲ. ನನ್ನನ್ನು ಅಮ್ಮ ಎತ್ತಿಕೊಂಡು ಹೋದಾಗ ನಾನು ಏನನ್ನೂ ನಂಬಿರಲಿಲ್ಲ, ಏನೂ ಮಾಡಿರಲಿಲ್ಲ. ದೇವರು ಆಗಲೇ ನನ್ನನ್ನು ತನ್ನವಳು ಅಂದ. ಕೃಪೆ ಅಂದರೆ ಅದೇ ಅಲ್ವಾ? ನಾನು ಹೌದು ಅನ್ನುವುದು ಆಮೇಲೆ ಬಂತು, ದೃಢೀಕರಣದ ದಿನ, ಬಿಷಪ್ಪರು ತಲೆಯ ಮೇಲೆ ಕೈಯಿಟ್ಟಾಗ. ನನ್ನ ಹೌದು ದಿನಕ್ಕೊಂದು ಥರ ಇರುತ್ತದೆ. ಆತನದು ಹಾಗಲ್ಲ.

ಕರ್ತನ ಭೋಜನದ ಬಗ್ಗೆ ಜಾಸ್ತಿ ಬರೆಯಬೇಕು. ನಮ್ಮ ಸಭೆ 1950ರಲ್ಲಿ ಭೋಜನದ ಆರಾಧನೆಗೆ ಹೊಸ ಕ್ರಮ ರಚಿಸಿತು. ಬೇರೆ ದೇಶದ ಸಭೆಗಳೂ ಆಮೇಲೆ ಅದನ್ನು ನೋಡಿ ಕಲಿತವು. ಅದರಲ್ಲಿ ಸಮಾಧಾನ ಹಂಚಿಕೊಳ್ಳುವ ಭಾಗ ಒಂದಿದೆ. ಕೇರಳದ ಸಿರಿಯನ್ ಕ್ರೈಸ್ತರಿಂದ ತೆಗೆದುಕೊಂಡದ್ದು. ಸಭಾಪಾಲಕರು ಮೇಜಿನಿಂದ ಶುರು ಮಾಡುತ್ತಾರೆ. ಕೊಡುವವರ ಬಲ ಅಂಗೈ ತೆಗೆದುಕೊಳ್ಳುವವರ ಬಲ ಅಂಗೈಗೆ ತಾಗುತ್ತದೆ, ಇಬ್ಬರೂ ಎಡಗೈಯನ್ನು ಅದರ ಮೇಲೆ ಮುಚ್ಚುತ್ತಾರೆ. ಹಾಗೇ ಕೈಯಿಂದ ಕೈಗೆ ಕೊನೆಯ ಬೆಂಚಿನವರೆಗೆ ಹೋಗುತ್ತದೆ. ನಮ್ಮ ಸಭೆಯಲ್ಲಿ ಒಂದು ಕಾಲಕ್ಕೆ ಇಬ್ಬರು ಹಿರಿಯರು ಜಾಗದ ವ್ಯಾಜ್ಯದಿಂದ ಮಾತು ಬಿಟ್ಟಿದ್ದರು. ಕೂರುತ್ತಿದ್ದದ್ದು ಹಿಂದೆ ಮುಂದೆ ಬೆಂಚಿನಲ್ಲಿ. ಭೋಜನದ ದಿನ ಒಬ್ಬರು ತಿರುಗಿ ಕೈ ನೀಡಲೇಬೇಕು, ಇನ್ನೊಬ್ಬರು ತೆಗೆದುಕೊಳ್ಳಲೇಬೇಕು. ಅವರ ಮುಖ ನೋಡಲು ನಮಗೆ ಕಷ್ಟವಾಗುತ್ತಿತ್ತು. ವ್ಯಾಜ್ಯ ಬೇಗ ಮುಗಿಯಲಿಲ್ಲ. ಆದರೂ ಕೈ ಕೊಡುವುದನ್ನು ಇಬ್ಬರೂ ಬಿಡಲಿಲ್ಲ, ಚರ್ಚಿಗೆ ಬರುವುದನ್ನೂ ಬಿಡಲಿಲ್ಲ. ಮನಸ್ಸು ಒಪ್ಪುವ ಮೊದಲೇ ಕೈಗೆ ಕಲಿಸುವ ಸಂಸ್ಕಾರ ಇದು ಅಂತ ನನಗೆ ಅನ್ನಿಸಿದ್ದು ಆಗ.

ಆಮೇಲೆ ರೊಟ್ಟಿ, ದ್ರಾಕ್ಷಾರಸದ ಪಾತ್ರೆ. ಕ್ರಿಸ್ತನು ಅಲ್ಲಿ ನಿಜವಾಗಿ ಇದ್ದಾನೆ, ತನ್ನನ್ನೇ ಕೊಡುತ್ತಾನೆ ಅಂತ ನಂಬುತ್ತೇವೆ. ಹೇಗೆ ಇದ್ದಾನೆ ಅಂತ ಲುಥೆರನ್ನರು, ರಿಫಾರ್ಮ್ಡ್ ಜನ ನೂರಾರು ವರ್ಷ ಕಾದಾಡಿದರು. ನಮ್ಮ ಸಭೆ ಆ ಹೇಗೆಯನ್ನು ಬಿಡಿಸಲು ಹೋಗಲಿಲ್ಲ. ಒಳ್ಳೆಯದೇ ಮಾಡಿತು. ಆದರೆ ಒಂದು ವಿಷಯದಲ್ಲಿ ಬಿಟ್ಟುಕೊಡಬಾರದು. ಈ ಮೇಜಿನಲ್ಲಿ ಜಾತಿ ಇಲ್ಲ. 1844ರಲ್ಲಿ ಮಂಗಳೂರಿನಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ಯುವಕ ದೀಕ್ಷಾಸ್ನಾನ ತೆಗೆದುಕೊಂಡಾಗ ಊರೇ ಕದಡಿತು. ಸಭೆಯಲ್ಲಿ ಆಗ ಇದ್ದವರಲ್ಲಿ ಬಹಳ ಜನ ಬಿಲ್ಲವರು. ಅವರ ಜೊತೆ ಒಂದೇ ಸಭೆ, ಒಂದೇ ಭೋಜನ ಅಂದರೆ ಆ ಕಾಲಕ್ಕೆ ಏನು ಅಂತ ಯೋಚಿಸಿ. ಹರ್ಮನ್ ಕೌಂಡಿನ್ಯ ಅಂತ ಹೆಸರಾಗಿ ಬಾಸೆಲಿಗೆ ಹೋಗಿ ಓದಿ ಅವರು ಪಾದ್ರಿಯಾಗಿ ವಾಪಸ್ ಬಂದರು. ಇಷ್ಟೆಲ್ಲ ಆಗಿ ಎರಡು ಶತಮಾನ ಆಗುತ್ತಾ ಬಂದರೂ ನಮ್ಮ ಕ್ರೈಸ್ತ ಮನೆಗಳಿಂದ ಜಾತಿ ಹೋಗಿಲ್ಲ. ಮದುವೆ ಮಾತು ಬಂದಾಗ ಮೆಲ್ಲಗೆ ಹೊರಗೆ ಬರುತ್ತದೆ. ಇದನ್ನು ಬರೀ ಸಾಮಾಜಿಕ ದೋಷ ಅಂತ ನಾನು ಮಕ್ಕಳಿಗೆ ಹೇಳುವುದಿಲ್ಲ. ವಿಶ್ವಾಸ ಪ್ರಮಾಣದ ಸುಳ್ಳು ಸಾಕ್ಷಿ ಅಂತಲೇ ಹೇಳುತ್ತೇನೆ. ಪರಿಶುದ್ಧ ಸಾರ್ವತ್ರಿಕ ಸಭೆಯನ್ನು ನಂಬುತ್ತೇನೆ ಅಂತ ಎದ್ದು ನಿಂತು ಹೇಳಿ, ಮನೆಗೆ ಹೋಗಿ ಯಾರ ಕಡೆಯವರು ಅಂತ ವಿಚಾರಿಸಿದರೆ ಹೇಳಿದ್ದಕ್ಕೆ ಏನು ಬೆಲೆ?

ಹೆಂಗಸರು ಪಾದ್ರಿಯಾಗಬಹುದೇ ಅನ್ನುವ ಪ್ರಶ್ನೆಯನ್ನು ನಮ್ಮ ಸಭೆ 1976ರಲ್ಲೇ ಬಗೆಹರಿಸಿಕೊಂಡಿತು, ಆ ವರ್ಷ ಮೊದಲ ಮಹಿಳೆಗೆ ಅಭಿಷೇಕವಾಯಿತು. 2013ರಲ್ಲಿ ನಂದ್ಯಾಲದಲ್ಲಿ ಪುಷ್ಪಲಲಿತ ಅವರು ಬಿಷಪ್ ಆದರು. ನನ್ನ ತರಗತಿಯ ಹುಡುಗಿಯರಿಗೆ ಇದನ್ನು ಮರೆಯದೆ ಹೇಳುತ್ತೇನೆ.

ಮಂಗಳೂರಿನಲ್ಲಿ ನಮ್ಮ ಪಕ್ಕದ ಮನೆಯವರು ಕೊಂಕಣಿ ಕ್ಯಾಥೋಲಿಕರು. ಸೆಪ್ಟೆಂಬರ್ 8ಕ್ಕೆ ಬರುವ ಮೊಂತಿ ಹಬ್ಬಕ್ಕೆ, ಅಂದರೆ ಮರಿಯಳ ಹುಟ್ಟುಹಬ್ಬಕ್ಕೆ, ಚರ್ಚಿನಿಂದ ತಂದ ತೆನೆಯನ್ನು ನಮಗೂ ಕೊಡುತ್ತಿದ್ದರು. ಅವರಿಗೆ ಏಳು ಸಂಸ್ಕಾರ, ನಮಗೆ ಎರಡು. ಅವರಿಗೆ ಪೋಪ್ ಇದ್ದಾರೆ, ಸಂತರ ಮಧ್ಯಸ್ಥಿಕೆ ಇದೆ. ನಾವು ನೇರವಾಗಿ ಕ್ರಿಸ್ತನ ಹೆಸರಿನಲ್ಲಿ ಪ್ರಾರ್ಥಿಸುತ್ತೇವೆ. ಈ ವ್ಯತ್ಯಾಸಗಳು ಸಣ್ಣವಲ್ಲ, ಇನ್ನೂ ಒಂದೇ ಮೇಜಿಗೆ ಕೂರಲು ಆಗಿಲ್ಲ. ಆದರೆ ಅವರ ಚರ್ಚಿನಲ್ಲಿ ಕೊಂಕಣಿಯಲ್ಲಿ ಹೇಳುವ ಪ್ರಮಾಣವೂ ನಮ್ಮ ಪ್ರಮಾಣವೂ ಹೆಚ್ಚುಕಡಿಮೆ ಒಂದೇ. ಬೇಲಿಯ ಎರಡು ಕಡೆ ಒಂದೇ ನಂಬಿಕೆ ಇದ್ದದ್ದು ನನಗೆ ಚಿಕ್ಕಂದಿನಲ್ಲಿ ಗೊತ್ತೇ ಇರಲಿಲ್ಲ, ಯಾರೂ ಹೇಳಿರಲಿಲ್ಲ.

ಪ್ರಮಾಣದಲ್ಲಿ ಇಲ್ಲದ್ದನ್ನೂ ಮಕ್ಕಳಿಗೆ ಗಮನಿಸಲು ಹೇಳುತ್ತೇನೆ. ನಂಬಿದರೆ ಹಣ ಬರುತ್ತದೆ ಅಂತ ಅದರಲ್ಲಿ ಇಲ್ಲ. ರೋಗ ಬಂದರೆ ನಿನ್ನ ವಿಶ್ವಾಸ ಕಡಿಮೆ ಅಂತ ಇಲ್ಲ. ಲೋಕ ಮುಗಿಯುವ ತಾರೀಖು ಇಲ್ಲ. ಟೀವಿಯಲ್ಲಿ, ಮೊಬೈಲಿನಲ್ಲಿ ಈ ಮಾತುಗಳು ದಿನಾ ಬರುತ್ತವೆ. ನಮ್ಮ ಸಭೆಯವರೂ ಕೇಳಿ ಕೊರಗುತ್ತಾರೆ. ಕ್ಯಾನ್ಸರಾದ ಒಬ್ಬ ತಾಯಿ, ನನ್ನ ನಂಬಿಕೆಯಲ್ಲಿ ಏನು ಕೊರತೆ ಇತ್ತು ಅಂತ ನನ್ನ ಕೈ ಹಿಡಿದು ಅತ್ತದ್ದುಂಟು. ಆ ಹೊರೆಯನ್ನು ಆಕೆಯ ಮೇಲೆ ಹಾಕಿದವರ ಮೇಲೆ ನನಗೆ ಈಗಲೂ ಸಿಟ್ಟಿದೆ. ಯೇಸುವಿಗೇ ಶಿಲುಬೆ ತಪ್ಪಲಿಲ್ಲ.

ಕೊನೆಗೆ ನ್ಯಾಯತೀರ್ಪಿನ ಸಾಲು. ಬದುಕಿದವರಿಗೂ ಸತ್ತವರಿಗೂ ತೀರ್ಪು ಕೊಡಲು ಆತ ತಿರುಗಿ ಬರುತ್ತಾನೆ. ಈ ವರ್ಷ ಇದೇ ಸಾಲಿಗೆ ತರಗತಿಯ ಒಬ್ಬಳು ಹುಡುಗಿ ಕೈಯೆತ್ತಿದಳು. ಅವಳ ಅಮ್ಮ ಮದುವೆಯಾದ ಮೇಲೆ ನಮ್ಮ ಸಭೆಗೆ ಸೇರಿದವರು. ಅಮ್ಮನ ಅಮ್ಮ ಹಾಸನದ ಹತ್ತಿರದ ಹಳ್ಳಿಯಲ್ಲಿ ಇದ್ದಾರೆ, ದಿನಾ ದೇವರ ಮನೆಯಲ್ಲಿ ದೀಪ ಹಚ್ಚುವವರು. "ಅಜ್ಜಿಗೆ ಏನಾಗುತ್ತೆ ಆಂಟಿ?" ಉಳಿದ ಮಕ್ಕಳೂ ಸುಮ್ಮನಾದರು.

ಯೇಸು ಕ್ರಿಸ್ತನೇ ರಕ್ಷಕ ಅಂತ ನಾನು ನಂಬುತ್ತೇನೆ, ಅದನ್ನು ಮೆತ್ತಗೆ ಮಾಡಿ ಹೇಳುವ ಮನಸ್ಸು ನನಗಿಲ್ಲ. ಅದನ್ನೇ ಅವಳಿಗೂ ಹೇಳಿದೆ. ಆಮೇಲೆ ಪ್ರಮಾಣವನ್ನು ಮತ್ತೊಮ್ಮೆ ಓದು ಅಂದೆ. ತೀರ್ಪು ಕೊಡುವವನು ಯಾರು ಅಂತ ಅದರಲ್ಲಿದೆ. ಯಾರಿಗೆ ಯಾವ ತೀರ್ಪು ಅನ್ನುವ ಪಟ್ಟಿ ಅದರಲ್ಲಿಲ್ಲ. ಪಟ್ಟಿ ಮಾಡುವ ಅಧಿಕಾರವನ್ನು ಸಭೆ ನನಗೂ ಕೊಟ್ಟಿಲ್ಲ, ನಿನಗೂ ಕೊಟ್ಟಿಲ್ಲ. ತೀರ್ಪು ಕೊಡಲು ಬರುವವನು, ತನ್ನನ್ನು ಶಿಲುಬೆಗೆ ಹೊಡೆದವರಿಗೆ ಕ್ಷಮೆ ಬೇಡಿದವನೇ. ಅಜ್ಜಿ ಆತನ ಕೈಯಲ್ಲಿದ್ದಾರೆ. ಆ ಕೈ ಎಂಥದು ಅಂತ ನಮಗೆ ಗೊತ್ತು.

ಅಜ್ಜಿಗಾಗಿ ಪ್ರಾರ್ಥನೆ ಮಾಡಬಹುದಾ ಅಂತ ಕೇಳಿದಳು. ಮಾಡಬೇಕು ಅಂದೆ. ಮುಂದಿನ ಭಾನುವಾರ ಮಕ್ಕಳು ನಡೆಸಿಕೊಟ್ಟ ವಿಜ್ಞಾಪನೆಯ ಪ್ರಾರ್ಥನೆಯಲ್ಲಿ ಅವಳೇ ಮೈಕಿನ ಮುಂದೆ ನಿಂತು ಅಜ್ಜಿಯ ಹೆಸರು ಹೇಳಿದಳು, ಊರಿನ ಹೆಸರನ್ನೂ ಸೇರಿಸಿ. ಸಭೆಯೆಲ್ಲ ಆಮೆನ್ ಅಂದಿತು. ಆರಾಧನೆ ಮುಗಿದ ಮೇಲೆ ಅವಳ ಅಮ್ಮ ನನ್ನ ಹತ್ತಿರ ಬಂದು, ಬೇಸಿಗೆ ರಜೆಗೆ ಊರಿಗೆ ಹೋದಾಗ ಇದನ್ನು ಅಮ್ಮನಿಗೆ ಹೇಳುತ್ತೇನೆ ಅಂದರು.